ಐದು ಕ್ರೂನಿನ ನೋಟಿನ ಕತೆ

ಕಳೆದ ತಿಂಗಳು ಫೋರ್ಟಿನಲ್ಲಿ ಒಂದು ಮೀಟಿಂಗ್ ಮುಗಿಸಿ ವಿಟಿ ಕಡೆ (ಹೆಸರು ಎಷ್ಟು ಸಲ ಬದಲಾದರೂ ನನ್ನ ಬಾಯಲ್ಲಿ ಅದು ವಿಟಿಯೇ) ನಡೆದುಕೊಂಡು ಬರುತ್ತಿದ್ದೆ. ಫುಟ್‌ಪಾತಿನ ಮೇಲೆ ಹಳೆ ನಾಣ್ಯ, ಹಳೆ ನೋಟು ಮಾರುವವನೊಬ್ಬ ಕೂತಿದ್ದ. ಮೂವತ್ತು ವರ್ಷಕ್ಕೂ ಮಿಕ್ಕಿ ನೋಟು ಎಣಿಸಿದ ಕೈ, ಸುಮ್ಮನೆ ಇರುತ್ತದೆಯೇ? ಕೂತು ಕೆದಕಿದೆ. ಒಂದು ಪುಟ್ಟ ನೋಟು ಸಿಕ್ಕಿತು. ಒಂದು ಬದಿಯಲ್ಲಿ ಗಂಭೀರ ಮುಖದ ಒಬ್ಬ ಮನುಷ್ಯ, ಇನ್ನೊಂದು ಬದಿಯಲ್ಲಿ ನದಿಯ ದಡದಲ್ಲಿ ಕೋಟೆ. ಮೇಲೆ ಐದು ಎಂಬ ಅಂಕೆ. ಮಾರುವವನಿಗೆ ಅದು ಯಾವ ದೇಶದ್ದೆಂದು ಗೊತ್ತಿರಲಿಲ್ಲ. ಚೌಕಾಸಿ ಮಾಡಿ ತಂದೆ.

ಮನೆಗೆ ಬಂದು ಹುಡುಕಿದಾಗ ತಿಳಿಯಿತು, ಅದು ಎಸ್ಟೋನಿಯಾ ದೇಶದ ಐದು ಕ್ರೂನಿನ ನೋಟು. ಅದರ ಮೇಲಿರುವವ ರಾಜನೂ ಅಲ್ಲ, ಮಂತ್ರಿಯೂ ಅಲ್ಲ, ಪಾಲ್ ಕೆರೆಸ್ ಎಂಬ ಚೆಸ್ ಆಟಗಾರ! ಲೋಕದ ದೊಡ್ಡ ದೊಡ್ಡ ಆಟಗಾರರನ್ನು ಸೋಲಿಸಿದರೂ ವಿಶ್ವ ಚಾಂಪಿಯನ್ ಮಾತ್ರ ಆಗಲೇ ಇಲ್ಲ ಪಾಪ. ಅವರ ನೂರರ ನೋಟಿನ ಮೇಲೆ ಲಿಡಿಯಾ ಕೊಯ್ದುಲಾ ಎಂಬ ಕವಯಿತ್ರಿ ಇದ್ದಳಂತೆ. ನಮ್ಮಲ್ಲಿ ಬೇಂದ್ರೆಯವರ ಚಿತ್ರ ಇರುವ ನೂರರ ನೋಟನ್ನು ಊಹಿಸಿಕೊಳ್ಳಿ... ಹಾಗೆ.

ಅಲ್ಲಿಂದ ಶುರುವಾದದ್ದು ಈ ಹುಚ್ಚು. ಒಂದು ತಿಂಗಳಿಂದ ರಾತ್ರಿ ಊಟ ಆದ ಮೇಲೆ ಇದೇ ಓದು. ನಾನು ಅರ್ಥಶಾಸ್ತ್ರಜ್ಞ ಅಲ್ಲ, ಬರೀ ಬಿ.ಕಾಂ. ಆದರೆ ಕೌಂಟರಿನ ಈಚೆ ಕಡೆ ಕೂತವನಿಗೆ ಹಣದ ಬಗ್ಗೆ ಕೆಲವು ಸಂಗತಿ ಪುಸ್ತಕ ಇಲ್ಲದೆಯೂ ಗೊತ್ತಿರುತ್ತದೆ. ಆ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಎಸ್ಟೋನಿಯಾ ಎಂದರೆ ಬಾಲ್ಟಿಕ್ ಸಮುದ್ರದ ದಂಡೆಯ ಪುಟ್ಟ ದೇಶ. ಎಷ್ಟು ಪುಟ್ಟದು ಅಂದರೆ, 2021ರ ಜನಗಣತಿಯಲ್ಲಿ ಅವರ ಜನಸಂಖ್ಯೆ ಸುಮಾರು 13.3 ಲಕ್ಷ. ನಮ್ಮ ಕಲ್ಯಾಣ್-ಡೊಂಬಿವಲಿ ಪಾಲಿಕೆಯದ್ದು 2011ರಲ್ಲೇ 12 ಲಕ್ಷ ದಾಟಿತ್ತು! ಎರಡು ಮಹಾಯುದ್ಧಗಳ ನಡುವೆ ಇಪ್ಪತ್ತು ಚಿಲ್ಲರೆ ವರ್ಷ ಸ್ವತಂತ್ರವಾಗಿತ್ತು. 1940ರಲ್ಲಿ ಸೋವಿಯತ್ ಒಕ್ಕೂಟ ನುಂಗಿ ಹಾಕಿತು. 1991ರ ಆಗಸ್ಟ್ 20ರಂದು ಮತ್ತೆ ಸ್ವಾತಂತ್ರ್ಯ ಘೋಷಿಸಿಕೊಂಡಿತು.

ಸ್ವಾತಂತ್ರ್ಯ ಏನೋ ಬಂತು. ಆದರೆ ಜೇಬಿನಲ್ಲಿ ಇದ್ದದ್ದು ಮಾಸ್ಕೋದ ರೂಬಲ್. ಕಷ್ಟ ಇರುವುದು ಇಲ್ಲೇ ನೋಡಿ.

ರೂಬಲ್ಲಿನ ಮೇಲೆ ಜನರ ನಂಬಿಕೆ ಅದಕ್ಕೆ ಮುಂಚೆಯೇ ಹೋಗಿತ್ತು. 1991ರ ಜನವರಿ 22ರ ರಾತ್ರಿ 9 ಗಂಟೆಗೆ, ಬ್ಯಾಂಕು ಅಂಗಡಿಗಳೆಲ್ಲ ಬಾಗಿಲು ಹಾಕಿದ ಮೇಲೆ, ಸೋವಿಯತ್ ಟಿವಿಯಲ್ಲಿ ಒಂದು ಘೋಷಣೆ ಬಂತು. 50 ಮತ್ತು 100 ರೂಬಲ್ಲಿನ ಹಳೆ ನೋಟುಗಳು ಇನ್ನು ನಡೆಯುವುದಿಲ್ಲ. ಬದಲಾಯಿಸಿಕೊಳ್ಳಲು ಮೂರೇ ದಿನ. ಒಬ್ಬರಿಗೆ ಸಾವಿರ ರೂಬಲ್ ಮಿತಿ. ಖಾತೆಯಿಂದ ತಿಂಗಳಿಗೆ 500ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಪ್ರಧಾನಿ ವ್ಯಾಲೆಂಟಿನ್ ಪಾವ್ಲೋವ್ ಹೆಸರಿನಲ್ಲೇ ಆ ಸುಧಾರಣೆಯನ್ನು ಕರೆಯುತ್ತಾರೆ. ಓದುತ್ತಾ ನನಗೆ 2016ರ ನವೆಂಬರ್ 8ರ ರಾತ್ರಿ ನೆನಪಾಯಿತು. ನಿಮಗೂ ಆಗಿರಬೇಕಲ್ಲ!

1992ರ ಜನವರಿಯಲ್ಲಿ ರಷ್ಯಾ ಬೆಲೆಗಳ ಮೇಲಿನ ಹಿಡಿತ ಬಿಟ್ಟಿತು. ಬೆಲೆ ಗಗನಕ್ಕೆ ಹೋಯಿತು. ರಷ್ಯಾದಲ್ಲಿ ಆ ವರ್ಷದ ಹಣದುಬ್ಬರ ಸುಮಾರು ಶೇಕಡಾ 2,500. ಅದೇ ರೂಬಲ್ ಬಳಸುತ್ತಿದ್ದ ಎಸ್ಟೋನಿಯಾದಲ್ಲೂ ಶೇಕಡಾ ಸಾವಿರ ದಾಟಿತು. ಅಂದರೆ ವರ್ಷದ ಆರಂಭದಲ್ಲಿ ಹತ್ತು ರೂಬಲ್ಲಿಗೆ ಸಿಗುತ್ತಿದ್ದ ವಸ್ತು ವರ್ಷದ ಕೊನೆಗೆ ನೂರು ದಾಟಿತು. ಎಣ್ಣೆ, ಗ್ಯಾಸು ಬರುತ್ತಿದ್ದದ್ದು ರಷ್ಯಾದಿಂದಲೇ, ಅದೂ ಸರಿಯಾಗಿ ಬರಲಿಲ್ಲ. ಆ ಚಳಿಗಾಲದಲ್ಲಿ ಬ್ರೆಡ್ಡು, ಹಾಲಿಗೆ ಕೂಪನ್ನು, ಕ್ಯೂ. ರಾಜಧಾನಿ ತಾಲಿನ್‌ನ ಮನೆಗಳಲ್ಲಿ ಬಿಸಿನೀರು ನಿಂತಿತು. ಪ್ರಧಾನಿ ಎಡ್ಗರ್ ಸವಿಸಾರ್ ತುರ್ತು ಅಧಿಕಾರ ಕೇಳಿ, ಬೆಂಬಲ ಸಾಲದೆ ಜನವರಿಯಲ್ಲೇ ರಾಜೀನಾಮೆ ಕೊಡಬೇಕಾಯಿತು.

ಇನ್ನೊಂದು ವಿಚಿತ್ರ ನಡೆಯಿತು. ಬೆಲೆ ಏರಿದಂತೆ ಸಂಬಳ ಏರಿತು. ಸಂಬಳ ಕೊಡಲು ನೋಟು ಬೇಕು. ನೋಟು ಅಚ್ಚಾಗುವುದು ಮಾಸ್ಕೋದಲ್ಲಿ. ಅವರು ಸಾಕಷ್ಟು ಕಳಿಸಲಿಲ್ಲ. ಬ್ಯಾಂಕಿನ ಪುಸ್ತಕದಲ್ಲಿ ದುಡ್ಡಿದೆ, ಪೆಟ್ಟಿಗೆಯಲ್ಲಿ ಕ್ಯಾಶ್ ಇಲ್ಲ. ಕ್ಯಾಶಿಯರ್ ಆಗಿದ್ದವರಿಗೆ ಮಾತ್ರ ಗೊತ್ತು, ಆ ಹೊತ್ತಿನಲ್ಲಿ ಕಿಟಕಿಯ ಆಚೆ ನಿಂತವರ ಮುಖ ನೋಡುವುದು ಎಷ್ಟು ಕಷ್ಟ ಎಂದು.

ಸ್ವಂತ ನೋಟು ಬೇಕು ಎಂದು ಎಸ್ಟೋನಿಯಾದವರು ಹೊರಟಾಗ ಅಂತರರಾಷ್ಟ್ರೀಯ ಹಣಕಾಸು ನಿಧಿಯವರಿಗೇ ಮೊದಮೊದಲು ಅನುಮಾನ. ಇಷ್ಟು ಪುಟ್ಟ ದೇಶ, ಸದ್ಯಕ್ಕೆ ರೂಬಲ್ಲಿನಲ್ಲೇ ಇರುವುದು ವಾಸಿ ಎಂಬ ಧಾಟಿ. ಇವರು ಕೇಳಲಿಲ್ಲ. ಮೂರೇ ಜನರ ಒಂದು ಸಮಿತಿ ಮಾಡಿದರು. ಹೊಸ ಪ್ರಧಾನಿ ತೀತ್ ವ್ಯಾಹಿ, ಕೇಂದ್ರ ಬ್ಯಾಂಕಿನ ಅಧ್ಯಕ್ಷ ಸೀಮ್ ಕಲ್ಲಾಸ್, ಮತ್ತು ಸ್ವೀಡನ್ನಿನಲ್ಲಿ ನೆಲೆಸಿ ಅಲ್ಲಿನ ಬ್ಯಾಂಕೊಂದರಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದ ರುಡಾಲ್ಫ್ ಯಾಲಕಾಸ್. (ಊರು ಬಿಟ್ಟು ಹೋದವ ಊರಿನ ಕಷ್ಟಕಾಲಕ್ಕೆ ಒದಗಿದ ನೋಡಿ. ನಾವು ಹೊರನಾಡಿನವರು ಗಮನಿಸಬೇಕಾದ ವಿಷಯ!)

ಆದರೆ ನೋಟಿನ ಹಿಂದೆ ಆಸ್ತಿ ಬೇಕಲ್ಲ? ಅದಕ್ಕೆ ಒದಗಿದ್ದು ಅಜ್ಜಂದಿರ ಕಾಲದ ಚಿನ್ನ. ಯುದ್ಧಕ್ಕೆ ಮುಂಚೆ ಸ್ವತಂತ್ರ ಎಸ್ಟೋನಿಯಾ ತನ್ನ ಚಿನ್ನವನ್ನು ಲಂಡನ್, ಸ್ವೀಡನ್ ಮತ್ತು ಬಾಸೆಲ್‌ನ ಅಂತರರಾಷ್ಟ್ರೀಯ ಇತ್ಯರ್ಥ ಬ್ಯಾಂಕಿನಲ್ಲಿ ಇಟ್ಟಿತ್ತು. ತಮಾಷೆ ಎಂದರೆ, ಲಂಡನ್ನಿನಲ್ಲಿದ್ದ ಬಾಲ್ಟಿಕ್ ದೇಶಗಳ ಚಿನ್ನವನ್ನು ಬ್ರಿಟಿಷ್ ಸರ್ಕಾರ 1960ರ ದಶಕದಲ್ಲಿ ಮಾರಿ, ಸೋವಿಯತ್ತಿನಿಂದ ತನ್ನವರಿಗೆ ಬರಬೇಕಿದ್ದ ಬಾಕಿಗೆ ವಜಾ ಹಾಕಿಕೊಂಡಿತ್ತು. ಸ್ವೀಡನ್ ತನ್ನಲ್ಲಿದ್ದದ್ದನ್ನು 1940ರಲ್ಲೇ ಸೋವಿಯತ್ತಿಗೆ ಕೊಟ್ಟುಬಿಟ್ಟಿತ್ತು. 1992ರಲ್ಲಿ ಇವರು ಹಳೆ ರಸೀದಿ ಹಿಡಿದುಕೊಂಡು ಹೋದಂತೆ ಹೋಗಿ ಕೇಳಿದರು, ಎಲ್ಲರೂ ಚಿನ್ನವನ್ನೋ ಅದರ ಬೆಲೆಯನ್ನೋ ಕಟ್ಟಿಕೊಟ್ಟರು. ಒಟ್ಟು ಸುಮಾರು 11 ಟನ್. ಅದಕ್ಕೆ ಸ್ವಲ್ಪ ಮುಂಚೆ, 1991ರ ಜುಲೈಯಲ್ಲಿ, ನಮ್ಮ ದೇಶ 47 ಟನ್ ಚಿನ್ನವನ್ನು ಅಡವಿಡಲು ವಿಮಾನಕ್ಕೆ ಹಾಕಿತ್ತು. ನಾನು ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ಕಾಲ. ನಮ್ಮ ಚಿನ್ನ ಲಂಡನ್ನಿಗೆ ಹೋಯಿತು, ಅವರದ್ದು ಲಂಡನ್ನಿನಿಂದ ಬಂತು.

ಚಿನ್ನ ಸಾಲದಿದ್ದರೆ ಎಂದು ಸಂಸತ್ತು ಇನ್ನೊಂದು ಉಪಾಯ ಮಾಡಿತು. 15 ಕೋಟಿ ಡಾಲರ್ ಬೆಲೆಯ ಸರ್ಕಾರಿ ಕಾಡನ್ನು ಕೇಂದ್ರ ಬ್ಯಾಂಕಿನ ಹೆಸರಿಗೆ ಬರೆದುಕೊಟ್ಟಿತು. ಕಾಡು ಅಡವಿಟ್ಟು ನೋಟು! ನಮ್ಮೂರಿನಲ್ಲಿ ಅಡಿಕೆ ತೋಟ ಅಡವಿಟ್ಟು ಮಗಳ ಮದುವೆ ಮಾಡುವುದುಂಟು, ಇದು ಅದೇ ಲೆಕ್ಕ ಮಾರಾಯ್ರೆ.

1992ರ ಜೂನ್ 20ರಂದು ಹೊಸ ನೋಟು ಬಂತು. ಮೊದಲೇ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡ ಪ್ರತಿ ನಿವಾಸಿ 1,500 ರೂಬಲ್ ತಂದು 150 ಕ್ರೂನ್ ಒಯ್ಯಬಹುದು. ಹತ್ತಕ್ಕೆ ಒಂದು. ಅದಕ್ಕಿಂತ ಹೆಚ್ಚು ನಗದು ತಂದರೆ ಐವತ್ತಕ್ಕೆ ಒಂದು. ಬ್ಯಾಂಕಿನ ಖಾತೆಯಲ್ಲಿದ್ದದ್ದು ಹತ್ತಕ್ಕೆ ಒಂದರಂತೆ ಬದಲಾಯಿತು, ದೊಡ್ಡ ಮೊತ್ತಗಳನ್ನು ತಪಾಸಣೆ ಮಾಡಿದರು. ಮೂರು ದಿನದಲ್ಲಿ ಕೆಲಸ ಮುಗಿಯಿತು. ಸೋವಿಯತ್ತಿನಿಂದ ಹೊರಬಂದ ದೇಶಗಳಲ್ಲಿ ರೂಬಲ್ಲನ್ನು ಪೂರ್ತಿ ಬಿಟ್ಟು ತನ್ನದೇ ನಾಣ್ಯ ತಂದ ಮೊದಲ ದೇಶ ಇದು. ಮಧ್ಯಬೇಸಗೆಯ ಹಬ್ಬಕ್ಕೆ ಜನರ ಕೈಯಲ್ಲಿ ಹೊಸ ನೋಟು.

150 ಕ್ರೂನ್ ಎಂದರೆ ಎಷ್ಟು? 8 ಕ್ರೂನಿಗೆ ಒಂದು ಜರ್ಮನ್ ಮಾರ್ಕ್ ಎಂದು ಕಾನೂನು. ಅಂದರೆ 18 ಮುಕ್ಕಾಲು ಮಾರ್ಕ್. ಆಗಿನ ಲೆಕ್ಕದಲ್ಲಿ 12 ಡಾಲರ್ ಆಸುಪಾಸು. ಒಂದು ಹೊಸ ದೇಶ ತನ್ನ ಪ್ರಜೆಯ ಕೈಗೆ ಕೊಟ್ಟ ಬಂಡವಾಳ ಅಷ್ಟೇ.

ಈ 8ಕ್ಕೆ 1 ಎಂಬುದೇ ಇಡೀ ಕತೆಯ ತಿರುಳು. ಹೆಟ್ಟಿಗೆಯಲ್ಲಿ ಒಂದು ಮಾರ್ಕೋ ಅದರ ಬೆಲೆಯ ಚಿನ್ನವೋ ಇಲ್ಲದೆ ಎಂಟು ಕ್ರೂನ್ ಹೊರಗೆ ಹೋಗಕೂಡದು. ಕೇಂದ್ರ ಬ್ಯಾಂಕು ಸರ್ಕಾರಕ್ಕೆ ಸಾಲ ಕೊಡುವಂತಿಲ್ಲ. ಕ್ರೂನಿನ ಬೆಲೆ ಇಳಿಸುವ ಅಧಿಕಾರ ಬ್ಯಾಂಕಿಗೂ ಇಲ್ಲ, ಮಂತ್ರಿಗೂ ಇಲ್ಲ, ಸಂಸತ್ತು ಕಾನೂನನ್ನೇ ಬದಲಾಯಿಸಬೇಕು. ಇದಕ್ಕೆ ಕರೆನ್ಸಿ ಬೋರ್ಡ್ ವ್ಯವಸ್ಥೆ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕೊಟ್ಟ ಮಾತಿಗೆ ತಪ್ಪಬಾರದೆಂದು ತನ್ನ ಕೈಯನ್ನು ತಾನೇ ಕಟ್ಟಿಕೊಂಡ ಹಾಗೆ.

ಕೈ ಕಟ್ಟಿಕೊಂಡದ್ದರ ಪರೀಕ್ಷೆ ಐದೇ ತಿಂಗಳಲ್ಲಿ ಬಂತು. 1992ರ ನವೆಂಬರಿನಲ್ಲಿ ಮೂರು ದೊಡ್ಡ ಬ್ಯಾಂಕುಗಳು ಮುಗ್ಗರಿಸಿದವು. ಅದರಲ್ಲಿ ತಾರ್ತು ಕಮರ್ಷಿಯಲ್ ಬ್ಯಾಂಕ್ ಸೋವಿಯತ್ ಒಕ್ಕೂಟದ ಮೊಟ್ಟಮೊದಲ ಖಾಸಗಿ ಬ್ಯಾಂಕುಗಳಲ್ಲಿ ಒಂದು, 1988ರಲ್ಲಿ ಶುರುವಾದದ್ದು. ಅದು ಕೆಟ್ಟ ಸಾಲ ಕೊಟ್ಟು ಕೆಟ್ಟಿತು. ಉಳಿದೆರಡರ ಹಣ ಮಾಸ್ಕೋದ ವಿದೇಶ ವ್ಯಾಪಾರ ಬ್ಯಾಂಕಿನಲ್ಲಿ ಸಿಕ್ಕಿಬಿದ್ದಿತ್ತು. ಕೇಂದ್ರ ಬ್ಯಾಂಕು ಮೂರಕ್ಕೂ ಬೀಗ ಹಾಕಿತು. ನೋಟು ಅಚ್ಚು ಹಾಕಿ ಉಳಿಸೋಣ ಎಂದರೆ ಕಾನೂನು ಬಿಡುವುದಿಲ್ಲ. ಠೇವಣಿ ವಿಮೆ ಎಂಬುದು ಆಗ ಇರಲೇ ಇಲ್ಲ. ತಾರ್ತು ಬ್ಯಾಂಕನ್ನು ಮುಚ್ಚಿಯೇಬಿಟ್ಟರು, ಇನ್ನೆರಡನ್ನು ಸೇರಿಸಿ ಒಂದು ಮಾಡಿದರು.

ಇದನ್ನು ಓದಿದಾಗ ಪುಸ್ತಕಗಳು ಹೇಳುವಂತೆ "ಭೇಷ್, ಎಂಥ ಶಿಸ್ತು!" ಎಂದು ನನಗೆ ಅನ್ನಿಸಲಿಲ್ಲ. ಮುಚ್ಚಿದ ಬ್ಯಾಂಕಿನ ಬಾಗಿಲಲ್ಲಿ ನಿಂತ ಠೇವಣಿದಾರರೇ ಕಣ್ಣ ಮುಂದೆ ಬಂದರು. ಆದರೆ ಒಂದು ಮಾತು ಒಪ್ಪಬೇಕು. ಅಂದು ಅಚ್ಚು ಹಾಕಿದ್ದರೆ ಕ್ರೂನ್ ಇನ್ನೊಂದು ರೂಬಲ್ ಆಗುತ್ತಿತ್ತು. ಆಗ ಕಳೆದುಕೊಳ್ಳುವವರು ಮೂರು ಬ್ಯಾಂಕಿನ ಗಿರಾಕಿಗಳಷ್ಟೇ ಅಲ್ಲ, ಎಲ್ಲರೂ.

ಅಷ್ಟರಲ್ಲಿ ಚುನಾವಣೆ ಆಗಿ ಮಾರ್ಟ್ ಲಾರ್ ಎಂಬ ಇತಿಹಾಸ ಓದಿದ ಹುಡುಗ ಪ್ರಧಾನಿ ಆಗಿದ್ದ. ವಯಸ್ಸು 32! ಅರ್ಥಶಾಸ್ತ್ರದಲ್ಲಿ ತಾನು ಓದಿದ್ದು ಮಿಲ್ಟನ್ ಫ್ರೀಡ್‌ಮನ್ ಬರೆದ ಒಂದೇ ಪುಸ್ತಕ ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಆಮದು ಸುಂಕ ಬಹುಪಾಲು ತೆಗೆದುಹಾಕಿದರು. ಸಬ್ಸಿಡಿ ನಿಲ್ಲಿಸಿದರು. ಕಾರ್ಖಾನೆಗಳನ್ನು ಪೂರ್ವ ಜರ್ಮನಿಯ ಮಾದರಿಯಲ್ಲಿ ಟೆಂಡರ್ ಕರೆದು, ನಡೆಸಬಲ್ಲವರಿಗೆ ಮಾರಿದರು. ರಷ್ಯಾದಲ್ಲಿ ವೋಚರ್ ಹಂಚಿ, ಕೊನೆಗೆ ಕೆಲವೇ ಮಂದಿಯ ಕೈಗೆ ಎಲ್ಲ ಸೇರಿತಲ್ಲ, ಆ ಅನಾಹುತ ಇಲ್ಲಿ ಅಷ್ಟಾಗಿ ಆಗಲಿಲ್ಲ. 1994ರ ಜನವರಿಯಿಂದ ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಒಂದೇ ದರದ ಆದಾಯ ತೆರಿಗೆ, ಶೇಕಡಾ 26. ಯುರೋಪಿನಲ್ಲಿ ಹಾಗೆ ಮಾಡಿದವರು ಇವರೇ ಮೊದಲು. (ಆ ದರ ಇಳಿಯುತ್ತಾ 20ಕ್ಕೆ ಬಂದು, 2025ರಲ್ಲಿ ಮತ್ತೆ 22ಕ್ಕೆ ಏರಿದೆ.)

ಲಾರ್ ಸರ್ಕಾರ ಬಿದ್ದದ್ದು ಹೇಗೆ ಗೊತ್ತೇ? ಜನರಿಂದ ವಾಪಸು ಪಡೆದ ರೂಬಲ್ ನೋಟುಗಳ ರಾಶಿ ಇತ್ತಲ್ಲ, ಅದನ್ನು ರಷ್ಯಾಕ್ಕೆ ಒಪ್ಪಿಸುವ ಬದಲು ಸುಮಾರು 230 ಕೋಟಿ ರೂಬಲ್ ಗುಟ್ಟಾಗಿ ಚೆಚೆನ್ಯಾ ಕಡೆಗೆ ಮಾರಿದ ಸಂಗತಿ ಹೊರಬಿತ್ತು. 1994ರ ಸೆಪ್ಟೆಂಬರಿನಲ್ಲಿ ಅವಿಶ್ವಾಸ ಮತದಲ್ಲಿ ಸೋತ. ಶಿಸ್ತು ಕಲಿಸಲು ಬಂದವರ ಕಪಾಟಿನಲ್ಲೂ ಹಳೆ ನೋಟಿನ ಕಟ್ಟು!

1995ರಿಂದ ಆರ್ಥಿಕತೆ ಚಿಗುರಿತು. ಅಷ್ಟರಲ್ಲಿ ಉತ್ಪಾದನೆ ಮೂರನೆ ಒಂದು ಭಾಗದಷ್ಟು ಕುಗ್ಗಿತ್ತು ಎಂದು ಅಂದಾಜು. ಈ ಲೆಕ್ಕವನ್ನು ಯಾರು ತೆತ್ತರು? ಅದಕ್ಕೆ ನನ್ನ ನೋಟನ್ನು ತಿರುಗಿಸಿ ನೋಡಬೇಕು. ಹಿಂಬದಿಯ ಕೋಟೆ ಇರುವುದು ನಾರ್ವಾ ಊರಿನಲ್ಲಿ. ನದಿಯ ಆಚೆ ದಡವೇ ರಷ್ಯಾ.

ನಾರ್ವಾದಲ್ಲಿ ಕ್ರೀನ್‌ಹೋಮ್ ಎಂಬ ಬಟ್ಟೆ ಗಿರಣಿ ಇತ್ತು. 1857ರಲ್ಲಿ ಲುಡ್ವಿಗ್ ಕ್ನೂಪ್ ಎಂಬ ಜರ್ಮನ್ ವ್ಯಾಪಾರಿ ಜಲಪಾತದ ಪಕ್ಕ ಕಟ್ಟಿಸಿದ್ದು. ಒಂದು ಕಾಲಕ್ಕೆ ಲೋಕದ ಅತಿ ದೊಡ್ಡ ಹತ್ತಿ ಗಿರಣಿಗಳಲ್ಲಿ ಒಂದು. 1872ರಲ್ಲಿ ಅಲ್ಲಿ ನಡೆದ ಮುಷ್ಕರ ರಷ್ಯನ್ ಸಾಮ್ರಾಜ್ಯದ ಮೊದಲ ದೊಡ್ಡ ಮುಷ್ಕರಗಳಲ್ಲಿ ಸೇರಿದೆ. ಸೋವಿಯತ್ ಕಾಲದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಅನ್ನ ಕೊಟ್ಟಿತು. ಹತ್ತಿ ಬರುತ್ತಿದ್ದದ್ದು ಮಧ್ಯ ಏಷ್ಯಾದಿಂದ, ಬಟ್ಟೆ ಹೋಗುತ್ತಿದ್ದದ್ದು ಒಕ್ಕೂಟದ ಊರೂರಿಗೆ. ಒಕ್ಕೂಟ ಒಡೆದ ಮೇಲೆ ಹತ್ತಿಗೆ ವಿದೇಶಿ ಹಣ ಬೇಕು, ಬಟ್ಟೆಗೆ ಗಿರಾಕಿ ಇಲ್ಲ. 1994ರಲ್ಲಿ ಸ್ವೀಡನ್ನಿನ ಕಂಪೆನಿಯೊಂದು ಕೊಂಡು ಕೆಲವು ವರ್ಷ ನಡೆಸಿತು. ಕೆಲಸಗಾರರು ಕಡಿಮೆಯಾಗುತ್ತಾ ಬಂದರು. 2010ರಲ್ಲಿ ದಿವಾಳಿ.

ಮುಂಬಯಿಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕೇ? 1982ರ ಜನವರಿಯ ಮುಷ್ಕರ, ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು, ಆಮೇಲೆ ಒಂದೊಂದಾಗಿ ನಿಂತ ಚಿಮಣಿಗಳು. ನಾನು ಮುಂಬಯಿಗೆ ಬಂದಾಗ ಪರೇಲ್, ಲಾಲ್‌ಬಾಗಿನ ಗಿರಣಿಗಳ ಗೋಡೆ ಇದ್ದವು, ಭೋಂಗಾ ಇರಲಿಲ್ಲ. ಈಗ ಅಲ್ಲೆಲ್ಲ ಮಾಲುಗಳು.

ಆದರೆ ನಾರ್ವಾದ ಕಾರ್ಮಿಕರಿಗೆ ಇನ್ನೊಂದು ಪೆಟ್ಟು ಬಿತ್ತು. 1944ರ ಯುದ್ಧದಲ್ಲಿ ಆ ಊರು ನೆಲಸಮವಾಗಿತ್ತು. ಮೂಲ ನಿವಾಸಿಗಳಿಗೆ ಮರಳಲು ಬಿಡಲಿಲ್ಲ, ರಷ್ಯಾ ಕಡೆಯಿಂದ ಕೆಲಸಗಾರರನ್ನು ತಂದು ತುಂಬಿದರು. 1992ರಲ್ಲಿ ಹೊಸ ದೇಶ ಹೇಳಿತು, 1940ಕ್ಕೆ ಮುಂಚಿನ ಪ್ರಜೆಗಳು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ತಾನಾಗಿ ಪ್ರಜೆಗಳು, ಉಳಿದವರು ಭಾಷೆ ಕಲಿತು ಅರ್ಜಿ ಹಾಕಲಿ. ದೇಶದ ಸುಮಾರು ಮೂರನೆ ಒಂದು ಭಾಗದ ಜನ ಒಂದೇ ಸಲಕ್ಕೆ ಯಾವ ದೇಶಕ್ಕೂ ಸೇರದವರಾದರು. 150 ಕ್ರೂನ್ ಅವರಿಗೂ ಸಿಕ್ಕಿತು, ಸೆಪ್ಟೆಂಬರಿನ ಓಟು ಸಿಗಲಿಲ್ಲ. 1993ರ ಜುಲೈಯಲ್ಲಿ ನಾರ್ವಾದವರು ಸ್ವಾಯತ್ತತೆ ಕೇಳಿ ಜನಮತ ನಡೆಸಿದರು. ಸರ್ವೋಚ್ಚ ನ್ಯಾಯಾಲಯ ಅದನ್ನು ಕಾನೂನುಬಾಹಿರ ಎಂದಿತು. ಈಗಲೂ ಕೆಲವು ಹತ್ತು ಸಾವಿರ ಮಂದಿ ಬೂದು ಬಣ್ಣದ ಪಾಸ್‌ಪೋರ್ಟಿನಲ್ಲೇ ಇದ್ದಾರೆ.

ಎಸ್ಟೋನಿಯಾದವರ ಸಿಟ್ಟು ನನಗೆ ಅರ್ಥವಾಗುತ್ತದೆ. ಐವತ್ತು ವರ್ಷ ಅವರ ದೇಶ, ಅವರ ಭಾಷೆ ತುಳಿತಕ್ಕೆ ಸಿಕ್ಕಿತ್ತು. ಆದರೂ ಹೊಟ್ಟೆಪಾಡಿಗೆ ಬಂದು ಮೂವತ್ತು ವರ್ಷ ನೂಲು ತೆಗೆದ ಹೆಂಗಸು ಒಂದು ಬೆಳಿಗ್ಗೆ ಉಳಿತಾಯವೂ ಇಲ್ಲ, ಗಿರಣಿಯೂ ಇಲ್ಲ, ದೇಶವೂ ಇಲ್ಲ ಎಂದು ಎದ್ದರೆ ಅವಳು ಯಾರ ಬಾಗಿಲು ತಟ್ಟಬೇಕು? ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ನಾವು ಎಷ್ಟಾದರೂ ನಮ್ಮ ದೇಶದಲ್ಲೇ ಇದ್ದೇವೆ. ಆ ಭಾಗ್ಯ ದೊಡ್ಡದು.

ಮುಂದಿನ ಕತೆ ಬೇಗ ಹೇಳುತ್ತೇನೆ. 2004ರಲ್ಲಿ ಎಸ್ಟೋನಿಯಾ ಯುರೋಪಿಯನ್ ಒಕ್ಕೂಟ ಸೇರಿತು. 2009ರ ಬಿಕ್ಕಟ್ಟಿನಲ್ಲಿ ಆರ್ಥಿಕತೆ ಒಂದೇ ವರ್ಷ ಶೇಕಡಾ 14ರ ಆಸುಪಾಸು ಕುಸಿಯಿತು. ಆಗಲೂ ಕ್ರೂನಿನ ಬೆಲೆ ಇಳಿಸಲಿಲ್ಲ, ಸಂಬಳ ಇಳಿಸಿದರು. 2010ರ ಆರಂಭದಲ್ಲಿ ಐವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಎಷ್ಟೋ ಯುವಕರು ಫಿನ್‌ಲ್ಯಾಂಡಿನ ಹಡಗು ಹತ್ತಿದರು. 1989ರಲ್ಲಿ 15.6 ಲಕ್ಷ ಇದ್ದ ಜನಸಂಖ್ಯೆ 13.3 ಲಕ್ಷಕ್ಕೆ ಇಳಿದದ್ದು ಹೀಗೆಯೇ, ಕೆಲವರು ರಷ್ಯಾಕ್ಕೆ, ಕೆಲವರು ಪಶ್ಚಿಮಕ್ಕೆ. ಇನ್ನು ಬ್ಯಾಂಕುಗಳೆಲ್ಲ ವಿದೇಶಿಯರ ಕೈಗೆ ಹೋಗಿದ್ದವು. ಅದರಲ್ಲಿ ಡ್ಯಾನ್ಸ್ಕೆ ಬ್ಯಾಂಕಿನ ಎಸ್ಟೋನಿಯಾ ಶಾಖೆಯ ಮೂಲಕ 2007ರಿಂದ 2015ರವರೆಗೆ ಸುಮಾರು 200 ಬಿಲಿಯನ್ ಯೂರೋ ಹರಿದಿತ್ತು, ಅದರಲ್ಲಿ ಹೆಚ್ಚಿನದು ಅನುಮಾನದ ಹಣ ಎಂದು 2018ರಲ್ಲಿ ಬಯಲಾಯಿತು. ಗಿರಾಕಿಯ ಕೆವೈಸಿ ಒಂದು ಕಾಗದ ಕಡಿಮೆಯಾದರೆ ನಮಗೆ ಮೆಮೊ ಬರುತ್ತದೆ ಸ್ವಾಮಿ!

2011ರ ಜನವರಿ 1ರಂದು ಕ್ರೂನ್ ಹೋಗಿ ಯೂರೋ ಬಂತು. ಒಂದು ಯೂರೋಗೆ 15.6466 ಕ್ರೂನ್. ಈ ಅಂಕೆ ಎಲ್ಲಿಂದ ಬಂತು ಎಂದು ಕ್ಯಾಲ್ಕುಲೇಟರ್ ಹಿಡಿದೆ. ಒಂದು ಯೂರೋ ಎಂದರೆ 1.95583 ಮಾರ್ಕ್. ಅದನ್ನು 8ರಿಂದ ಗುಣಿಸಿ ನೋಡಿ. ಅದೇ! ಹದಿನೆಂಟೂವರೆ ವರ್ಷ, ಮೂರು ಬ್ಯಾಂಕು ಮುಳುಗಿದರೂ, ಗಿರಣಿ ಮುಚ್ಚಿದರೂ, 1992ರಲ್ಲಿ ಕೊಟ್ಟ ಮಾತು ಒಂದು ಪೈಸೆ ಆಚೀಚೆ ಆಗಲಿಲ್ಲ.

ಇನ್ನು ನನ್ನ ಕತೆ. 2016ರ ಆ ನವೆಂಬರಿನಲ್ಲಿ ನಾನು ಶಾಖೆಯಲ್ಲಿದ್ದೆ. ಮೊದಲು ನಾಲ್ಕು ಸಾವಿರ, ಆಮೇಲೆ ನಾಲ್ಕೂವರೆ, ಆಮೇಲೆ ಎರಡು ಸಾವಿರ ಎಂದು ಮಿತಿ ಬದಲಾಗುತ್ತಾ ಹೋಯಿತು. ಬೆರಳಿಗೆ ಹಚ್ಚುವ ಶಾಯಿ ಬಂತು, ಅದು ನಮ್ಮ ಮೈಸೂರಿನದ್ದೇ. ಡಿಸೆಂಬರ್ 30ಕ್ಕೆ ಎಲ್ಲ ಮುಗಿಯಿತು. ಫೆಬ್ರವರಿಯಲ್ಲಿ ಒಂದು ದಿನ ಲಾಲ್‌ಬಾಗಿನ ಚಾಳಿನಿಂದ ಒಬ್ಬ ಅಜ್ಜಿ ಬಂದರು. ಊರು ಗುಲ್ಬರ್ಗದ ಕಡೆ, ತೀರಿಹೋದ ಗಂಡ ಗಿರಣಿಯಲ್ಲಿದ್ದವರು. ಸೀರೆಯ ಟ್ರಂಕಿನ ತಳದಲ್ಲಿ ಹಾಸಿದ್ದ ಪೇಪರಿನ ಕೆಳಗೆ ಐನೂರರ ಎಂಟು ನೋಟು ಸಿಕ್ಕಿದ್ದವು. ನಾನು ಕನ್ನಡದವ ಎಂದು ಯಾರೋ ಹೇಳಿ ನನ್ನ ಟೇಬಲ್ಲಿಗೆ ಕಳಿಸಿದ್ದರು.

"ಆಗೂದಿಲ್ಲವ್ವಾ, ತಾರೀಕು ಮುಗಿದಿದೆ" ಎಂದೆ.

"ಖೋಟಾ ನೋಟಲ್ಲಲ್ರೀ ಸಾಹೇಬ್ರ ಇವು? ಸರ್ಕಾರದ್ದ ಅದಾವಲ್ರೀ?" ಎಂದರು.

ಹೌದು, ಸರ್ಕಾರದ್ದೇ. ಏನು ಉತ್ತರ ಕೊಡಲಿ? ನಿಯಮ ತೋರಿಸಿದೆ. ಅವರು ನೋಟುಗಳನ್ನು ಮತ್ತೆ ಮಡಚಿ, ಅದೇ ಪೇಪರಿನಲ್ಲಿ ಸುತ್ತಿ, ಸೆರಗಿಗೆ ಕಟ್ಟಿಕೊಂಡು ಹೋದರು. ನಾಲ್ಕು ಸಾವಿರ ರೂಪಾಯಿ. ನನ್ನ ಕೈಯಿಂದ ಕೊಟ್ಟುಬಿಡಬಹುದಿತ್ತು ಎಂದು ಅವರು ಬಸ್ ಸ್ಟಾಪ್ ದಾಟಿ ಹೋದ ಮೇಲೆ ಹೊಳೆಯಿತು. ಆಮೇಲೆ ಅವರು ಬರಲಿಲ್ಲ.

ಮೊನ್ನೆ ಓದುತ್ತಾ ಒಂದು ಸಾಲು ಕಣ್ಣಿಗೆ ಬಿತ್ತು. ಹಳೆ ಕ್ರೂನ್ ನೋಟುಗಳನ್ನು ಎಸ್ಟೋನಿಯಾದ ಕೇಂದ್ರ ಬ್ಯಾಂಕು ಇಂದಿಗೂ ಅದೇ ದರದಲ್ಲಿ ಬದಲಾಯಿಸಿ ಕೊಡುತ್ತದೆ. ಕೊನೆಯ ತಾರೀಕು ಎಂಬುದೇ ಇಲ್ಲ, ಮೊತ್ತಕ್ಕೆ ಮಿತಿಯೂ ಇಲ್ಲ. ಯಾರದೋ ಅಜ್ಜಿಯ ಟ್ರಂಕಿನ ತಳದಲ್ಲಿ ಇನ್ನೈವತ್ತು ವರ್ಷ ಬಿಟ್ಟು ಸಿಕ್ಕಿದರೂ ಕೊಡುತ್ತಾರೆ. ನನ್ನ ಐದು ಕ್ರೂನಿಗೆ 32 ಸೆಂಟ್, ನಮ್ಮ ಮೂವತ್ತು ರೂಪಾಯಿ ಆಸುಪಾಸು.

ಅದೇ ದೇಶ ಗಿರಣಿಯ ಹೆಂಗಸಿನ ರೂಬಲ್ಲಿಗೆ ಆ ಮರ್ಯಾದೆ ಕೊಡಲಿಲ್ಲ, ಕೊಡಲು ಅದರ ಬಳಿ ಇರಲೂ ಇಲ್ಲ. ರೂಬಲ್ಲಿನ ಮಾತು ಬೇರೆಯವರು ಕೊಟ್ಟದ್ದು, ಬೇರೆಯವರು ಮುರಿದದ್ದು. ತಾನು ಕೊಟ್ಟ ಮಾತನ್ನು ಮಾತ್ರ ಉಳಿಸಿಕೊಂಡಿದೆ. ಸುಧಾರಣೆ ಎಂದರೆ ಏನೆಂದು ದೊಡ್ಡ ದೊಡ್ಡವರು ಬರೆದಿದ್ದಾರೆ. ನನ್ನ ಬಿ.ಕಾಂ. ಬುದ್ಧಿಗೆ ಹೊಳೆದದ್ದು ಇಷ್ಟೇ. ನೋಟೆಂಬುದು ಬರೀ ಕಾಗದ. ಅದರ ಬೆಲೆ ಗೊತ್ತಾಗುವುದು ಅದನ್ನು ಅಚ್ಚು ಹಾಕಿದ ದಿನ ಅಲ್ಲ, ಯಾರೋ ಮುದುಕಿ ತಡವಾಗಿ ತಂದು ಕೌಂಟರಿನ ಮೇಲೆ ಇಟ್ಟ ದಿನ.

ನೋಟನ್ನು ಬದಲಾಯಿಸಲು ನಾನೇನೂ ತಾಲಿನ್‌ಗೆ ಹೋಗುವುದಿಲ್ಲ. ಡ್ರಾಯರಿನಲ್ಲಿ, ಕ್ಯಾಲ್ಕುಲೇಟರಿನ ಕೆಳಗೆ ಇಟ್ಟುಕೊಂಡಿದ್ದೇನೆ. ರಿಟೈರ್ ಆಗಲು ಇನ್ನು ಕೆಲವೇ ವರ್ಷ. ಅಲ್ಲಿಯವರೆಗೆ ಯಾರಾದರೂ ಸೆರಗು ಬಿಚ್ಚಿ ಏನಾದರೂ ಇಟ್ಟರೆ, ನಿಯಮ ಹೇಳುವ ಮುಂಚೆ ಒಂದು ಸಲ ಡ್ರಾಯರ್ ಎಳೆದು ನೋಡಿಕೊಳ್ಳಬೇಕು ಎಂದುಕೊಂಡಿದ್ದೇನೆ.

ಏನಂತೀರಿ?